ಪಡಸಾಲಿಗೆ ಬಂದ ಜ್ಯೇಷ್ಠ ಪುತ್ರರು

ಯುಗಾದಿ ಮುಗಿದ ವಾರ ನನಗೊಂದು ಸಣ್ಣ ಚಿಂತೆ ಹತ್ತಿತು. ಯಾರ ಮುಂದೆಯೂ ಆಡುವಂಥದ್ದಲ್ಲ, ಡೈರಿಯಲ್ಲಿ ಬರೆಯುವಾಗಲೂ ನಾಚಿಕೆಯಾಯಿತು. ನನ್ನ ಹೆಬ್ಬೆರಳು ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು.

ಆ ಮುಂಜಾನೆ ಸಮಾಜದ ಗ್ರೂಪಿನಲ್ಲಿ ಬೆನ್ನುಬೆನ್ನಿಗೆ ಎರಡು ಸುದ್ದಿ ಬಂದಿದ್ದವು. ಕಂಗ್ಟಿಯಲ್ಲಿ ಯಾರದೋ ಅಜ್ಜಿ ತೀರಿಕೊಂಡಿದ್ದರು, ಝರಾಸಂಗಮದಲ್ಲಿ ಯಾರದೋ ಮೊಮ್ಮಗನಿಗೆ ಹುಟ್ಟುಹಬ್ಬ. ಹಲ್ಲುಜ್ಜುತ್ತ ಒಂದು ಕಡೆ ಕೈಮುಗಿದ ಚಿತ್ರ, ಇನ್ನೊಂದು ಕಡೆ ಕೇಕಿನ ಚಿತ್ರ ಒತ್ತಿ ಫೋನ್ ಬದಿಗಿಟ್ಟೆ. ಚಹಾ ಕುಡಿದು ನೋಡಿದರೆ ಅಜ್ಜಿಗೆ ಕೇಕು ಹೋಗಿತ್ತು. ಅಳಿಸೋಣವೆಂದು ತೆರೆದೆ. ನನ್ನ ಕೇಕಿನ ಕೆಳಗೆ ಇನ್ನೂ ಮೂರು ಮಂದಿ ಕೇಕು ಹಾಕಿದ್ದರು. ಮೇಲಿನವರು ಹಾಕಿದ್ದನ್ನೇ ಕೆಳಗಿನವರೂ ಹಾಕುವುದು ನಮ್ಮ ಗ್ರೂಪಿನ ರೂಢಿ. ಯಾರೂ ಏನೂ ಅನ್ನಲಿಲ್ಲ, ಸತ್ತ ಅಜ್ಜಿಯ ಮಗ ಎಲ್ಲರಿಗೂ 'ಧನ್ಯವಾದಗಳು' ಎಂದು ಬರೆದಿದ್ದ.

ಇವರೊಳಗೆ ನಾನೂ ಒಬ್ಬಳಾಗಿಬಿಟ್ಟೆನೇನೋ ಎಂಬುದೇ ನನ್ನ ಚಿಂತೆ.

'ನಾರಾಯಣಖೇಡ್ ಸಮಾಜ ಬಾಂಧವರು' ಎಂಬ ಆ ಗ್ರೂಪಿನ ಯಜಮಾನ ಮನ್ಮಥಪ್ಪ ಕಾಕಾ. ಅಪ್ಪನಿಗೆ ದೂರದ ಅಣ್ಣತಮ್ಮಿಕೆ, ಬಸ್ ಸ್ಟ್ಯಾಂಡಿನ ಎದುರಿಗೆ ಗೊಬ್ಬರದ ಅಂಗಡಿ. ಅವರು ಗುಲಾಬಿಯೊಂದರ ಮೇಲೆ 'ಶುಭೋದಯ' ಎಂದು ಹಾಕಿದ ಮೇಲೆಯೇ ನಮ್ಮೂರಿನಲ್ಲಿ ಸೂರ್ಯ ಹುಟ್ಟುವುದು. ಹಿಂದೆಯೇ ಊರ ತುಂಬ ಕೈಮುಗಿಯುವ ಚಿತ್ರಗಳು. ಆಮೇಲೆ ತೊಗರಿಯ ಧಾರಣೆ, ಮೆಂತ್ಯದ ನೀರಿನ ಮಹಿಮೆ, ಲಗ್ನಕ್ಕೆ ಬಂದ ಹುಡುಗಿಯರ ಫೋಟೋ.

ಹೋದ ದೀಪಾವಳಿಯ ಹೊತ್ತಿಗೆ ನನ್ನ ಫೋಟೋ ಕೂಡ ಬಂತು. 'ಕನ್ಯೆ: ಶಿಲ್ಪಾರಾಣಿ. ಶಿಕ್ಷಣ: ಬಿ.ಎಸ್ಸಿ., ಜಹೀರಾಬಾದ್. ಬಣ್ಣ: ಗೋಧಿ. ಸ್ವಭಾವ: ಶಾಂತ.' ಶಾಂತ ಅಂದರೆ ಇವಳನ್ನು ಯಾರೂ ಏನೂ ಕೇಳಿ ನೋಡಿಲ್ಲ ಅಂತ ಅರ್ಥ. ಕೈಮುಗಿದ ಚಿತ್ರಗಳ ನಡುವೆ ತಾಂಡೂರಿನ ಒಬ್ಬ ಹಿರಿಯ ಹೆಂಗಸು ಬರೆದಳು: 'ಮೂಗು ಜರಾ ಅಗಲ ಅದೇನ್ರಿ, ಇಲ್ಲಾ ಫೋಟೋದಾಗ ಹಂಗ ಕಾಣ್ತದೋ?' ನನ್ನ ಅವ್ವ, ಕಾಂತಾಬಾಯಿ, ಹೊಸದಾಗಿ ಟೈಪು ಮಾಡಲು ಕಲಿತಿದ್ದಳು. ಅದಕ್ಕೆ ಉತ್ತರ ಹಾಕಿದಳು: 'ಫೋಟೋದಾಗ್ರಿ.'

ಗಡಿಯ ಈಚೆ, ತೆಲುಗು ನಾಡಿನಲ್ಲಿರುವ ಇಷ್ಟೂ ಕನ್ನಡ ಮನೆತನಗಳು ಕೂತು ನನ್ನ ಮೂಗನ್ನು ತೂಗಿದ ಆ ಮಧ್ಯಾಹ್ನವೇ ನಾನು ಬೇರೆ ಜಾಗ ಹುಡುಕಲು ಶುರು ಮಾಡಿದ್ದು.

ಫೋಟೋ ಹಾಕುವ ದೊಡ್ಡ ಆ್ಯಪುಗಳಲ್ಲಿ ಉಪಯೋಗವಿರಲಿಲ್ಲ. ಗ್ರೂಪಿನ ಅತ್ತೆ, ಕಾಕುಗಳೇ ಅಲ್ಲಿ ಗಾಗಲ್ ಹಾಕಿಕೊಂಡು ನಿಂತಿರುತ್ತಾರೆ. ಹುಡುಕುತ್ತ ಹೋದಾಗ 'ಪಡಸಾಲಿ' ಎಂಬ ಕನ್ನಡದ ಜಾಲತಾಣ ಸಿಕ್ಕಿತು. ಸಣ್ಣ ಜಾಗ. ಹುಬ್ಬಳ್ಳಿಯ ಬಸವಕಿರಣ ಎನ್ನುವವನು ತನ್ನ ಕೈಯಿಂದಲೇ ಖರ್ಚು ಹಾಕಿ ನಡೆಸುತ್ತಿದ್ದ. ಜಾಹೀರಾತಿಲ್ಲ, ಫಾರ್ವರ್ಡ್ ಒತ್ತುವ ಗುಂಡಿಯೇ ಇಲ್ಲ. ಹೆಸರು ನಮಗೆ ಬೇಕಾದದ್ದು ಇಟ್ಟುಕೊಳ್ಳಬಹುದು. ಬಾಗಿಲಲ್ಲಿ ಮಾತ್ರ ಒಂದು ಪ್ರಶ್ನೆ ಇತ್ತು: 'ನೀವು ಯಾರು, ಯಾಕೆ ಬಂದಿರಿ? ಎರಡು ಸಾಲು ಬರೆಯಿರಿ.' ಅವನು ಓದಿ, ಮನಸ್ಸಿಗೆ ಬಂದರೆ ಒಳಗೆ ಬಿಡುತ್ತಿದ್ದ.

ನಾನು ಓದಿದ್ದು ತೆಲುಗು ಮಾಧ್ಯಮ. ಕನ್ನಡದ ಅಕ್ಷರ ಕಲಿತದ್ದು ಬೀದರ್ ಬಸ್ಸುಗಳ ಬೋರ್ಡು ನೋಡಿ. ಎರಡು ಸಾಲಿಗೆ ಅರ್ಧ ದಿನ ಹಿಡಿಯಿತು. 'ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ನಾನು ಮಾತ್ರ ಮಾತಾಡುವುದಿಲ್ಲ. ಇಲ್ಲಿ ಆಡಲಿಕ್ಕೆ ಬರುತ್ತದೇನೋ ನೋಡಬೇಕು.' ಬಾಗಿಲು ತೆರೆಯಿತು. 'ತೊಗರಿಹೊಟ್ಟು' ಎಂದು ಹೆಸರಿಟ್ಟುಕೊಂಡೆ.

ಅಲ್ಲಿದ್ದವರು ಮಹಾತ್ಮರೇನಲ್ಲ. ದೊಡ್ಡ ಆ್ಯಪುಗಳನ್ನು ಬಿಟ್ಟು ಬಂದವರು ಬಿಟ್ಟ ಸುದ್ದಿಯನ್ನೇ ದಿನಾ ಹೇಳುತ್ತಿದ್ದರು, ಸಿಗರೇಟು ಬಿಟ್ಟ ಗಂಡಸರ ಹಾಗೆ. 'ಇಲ್ಲಿ ಎಷ್ಟು ನೆಮ್ಮದಿ!' ಎಂದು ಬರೆದು, ಆ ನೆಮ್ಮದಿಯನ್ನು ಎಷ್ಟು ಮಂದಿ ಮೆಚ್ಚಿದರು ಎಂದು ಮತ್ತೆಮತ್ತೆ ನೋಡುತ್ತಿದ್ದರು. ಬೆಂಗಳೂರಿನ 'ನೀಲಿ ಛತ್ರಿ' ಎಂಬವನಂತೂ ನಾನು ಏನು ಬರೆದರೂ 'ಆಹಾ, ಮಣ್ಣಿನ ವಾಸನೆ' ಎನ್ನುತ್ತಿದ್ದ. ರೈತರ ತೊಗರಿ ಮಾರಿಸಿಕೊಡುವ ನಮ್ಮ ಅಡತಿ ಅಂಗಡಿಯಲ್ಲಿ ಇಲಿ ಸತ್ತು ನಾರುತ್ತಿದೆ ಎಂದು ಬರೆದೆ. ಅದಕ್ಕೂ ಮಣ್ಣಿನ ವಾಸನೆ.

ಆದರೂ ಅಲ್ಲಿ ನಾನು ವಾಚಾಳಿಯಾದೆ. ಅಪ್ಪನ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಬಿಲ್ಲು ಹೊಡೆಯುತ್ತ, ಮಧ್ಯೆ ಮಧ್ಯೆ ಬರೆಯುತ್ತಿದ್ದೆ. ಮನ್ಮಥಪ್ಪ ಕಾಕಾನಿಗೆ 'ಗುಲಾಬಿ ಕಾಕಾ' ಎಂದು ಹೆಸರಿಟ್ಟಿದ್ದೆ. ಗುಲಾಬಿ ಕಾಕಾ ಇವತ್ತು ಏನಂದರು ಎಂದು ಮಂದಿ ಕೇಳುತ್ತಿದ್ದರು.

ಒಂದು ದಿನ ಮೂಗಿನ ಕತೆಯನ್ನೂ ಬರೆದೆ. 'ಕಲ್ಲುಪುಡಿ' ಎಂಬ ಹೆಸರಿನವಳೊಬ್ಬಳು ಉತ್ತರ ಹಾಕಿದಳು: 'ನಂದು ಬಣ್ಣದ ಮ್ಯಾಲ ಮೀಟಿಂಗ್ ಆಗ್ಯಾದ. ಮಾರ್ಬಲ್ ಹಾಸೋ ಯೋಗ್ಯತಾ ಇಲ್ಲದವರು ತಾಂಡೂರ ಹಾಸುಗಲ್ಲಿಗಿ ಹೆಸರಿಡ್ತಾರ, ಬಿಡು.'

ನಾನು ಅಂಗಡಿಯಲ್ಲಿ ಜೋರಾಗಿ ನಕ್ಕೆ. ಚೀಲ ಹೊರುತ್ತಿದ್ದ ಹಮಾಲರು ತಿರುಗಿ ನೋಡಿದರು.

ಅವಳ ಹೆಸರು ಸುಜಾತಾ. ತಾಂಡೂರಿನಲ್ಲಿ ಬಂಡೆ ಪಾಲಿಶ್ ಮಾಡುವ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಮದುವೆಯಾಗಿದೆ, ಮನೆಯಲ್ಲಿ ಅತ್ತೆ ಇದ್ದಾರೆ, ಕಲ್ಲಿನ ಧೂಳಿಗೆ ಊರೆಲ್ಲ ಬೂದಿ ಬಣ್ಣ. ಅವಳೂ ನನ್ನ ಹಾಗೆ ತೆಲುಗಿನಲ್ಲಿ ಓದಿ, ಉರ್ದುವಿನಲ್ಲಿ ಬೈದು, ಕನ್ನಡದಲ್ಲಿ ಅಳುವವಳು. ನಾವು ಇನ್ನೂ ಮುಖ ನೋಡಿಲ್ಲ. ಆದರೆ ದಿನದಲ್ಲಿ ನನಗೆ ಏನಾದರೂ ಆದರೆ, ಅದು ನಿಜವಾಗಿ ಆಗುವುದು ಅವಳಿಗೆ ಹೇಳಿದ ಮೇಲೆಯೇ.

ಹೀಗಿರುವಾಗ ಬಸವ ಜಯಂತಿ ಬಂತು. ಮನ್ಮಥಪ್ಪ ಕಾಕಾ ತಮ್ಮ ಫೋನಿನಲ್ಲಿದ್ದ ಪ್ರತಿಯೊಂದು ನಂಬರಿಗೂ ಒಂದೇ ಶುಭಾಶಯ ಕಳಿಸಿದರು. ಗಿರಾಕಿಗಳಿಗೆ, ಬೀಗರಿಗೆ, ಗ್ಯಾಸಿನವನಿಗೆ, ಬಸ್ ಡಿಪೋಗೆ, ತಪ್ಪಿ ಒಮ್ಮೆ ಫೋನ್ ಮಾಡಿದ್ದ ಅಪರಿಚಿತರಿಗೆ. ಸಂಜೆಯೊಳಗೆ ಆ್ಯಪಿನವರು ಅವರ ನಂಬರು ಬಂದ್ ಮಾಡಿದರು.

ಮರುದಿನ ಭಾನುವಾರ ನಮ್ಮ ಅಂಗಡಿಯಲ್ಲಿ ಸಭೆ ಸೇರಿತು. ಮನೆ ಹಿಂದೆಯೇ ಇರುವುದರಿಂದ ಸಭೆಗೆ ಚಹಾ ಸುಲಭ. ಕಾಕಾ ಗಾದಿಯ ಮೇಲೆ, ಪಕ್ಕದಲ್ಲಿ ಅವರು ಅಂದದ್ದಕ್ಕೆಲ್ಲ ಹೂಂಗುಡುವ ದೇವಿದಾಸ ಮಾಸ್ತರ, ಎದುರು ನನ್ನ ಅಪ್ಪ ಗುರುಬಸವ, ಸುತ್ತ ಚೀಲಗಳ ಮೇಲೆ ಉಳಿದ ಸಮಾಜ.

"ಭಾಳ ಮಂದಿಗಿ ಒಂದೇ ಮೆಸೇಜ್ ಕಳಸಿದೆ ಅಂತ ಬಂದ್ ಮಾಡ್ಯಾರ," ಅಂದರು ಕಾಕಾ. "ಅಲ್ರೋ, ಜಯಂತಿ ಎಲ್ಲಾರಿಗೂ ಒಂದೇ ಇರ್ತದ. ಮೆಸೇಜ್ ಒಬ್ಬೊಬ್ಬರಿಗಿ ಬ್ಯಾರೆ ಬ್ಯಾರೆ ಹ್ಯಾಂಗ ಮಾಡಾಕ ಬರ್ತದ?"

"ಅವರಿಗೇನ್ ಗೊತ್ತು ಕಾಕಾ, ನಿಮ್ಮ ಕಿಮ್ಮತ್ತು," ಅಂದ ದೇವಿದಾಸ ಮಾಸ್ತರ.

"ಇದು ನಂದೊಬ್ಬಂದು ಅಪಮಾನ ಅಲ್ಲ, ಸಮಾಜದ್ದು. ನಮಗ ನಮ್ಮದೇ ಒಂದು ಜಾಗ ಬೇಕು. ಕನ್ನಡದ್ದು."

ಚಹಾದ ತಟ್ಟೆ ಹಿಡಿದು ಬಂದ ಅವ್ವ ಅಲ್ಲೇ ನಿಂತು ಹೇಳಿದಳು: "ನಮ್ಮ ಶಿಲ್ಪಾನ ಫೋನ್‌ದಾಗ ಅಂಥದ್ದೊಂದು ಅದ ನೋಡ್ರಿ. ಬರೀ ಕನ್ನಡಾ. ಚಾರ್ಜಿಂಗ್‌ಗಿ ಹಚ್ಚಿದಾಗ ನೋಡೀನಿ. ಇಕಿ ದಿನಾ ಅದನ್ನ ಓದಿ ನಗ್ತಾಳ."

"ನಗ್ತಾಳ?" ಅಂದರು ಅಪ್ಪ. "ನಮ್ಮ ಹುಡುಗಿ?"

ಇಡೀ ಸಮಾಜ ನನ್ನ ಕಡೆ ತಿರುಗಿತು.

"ಏನದು ತಂಗಿ?" ಕಾಕಾ ಕೇಳಿದರು.

"ಸುಮ್ಮ... ಹಂಗೇ," ಅಂದೆ. ನನ್ನ ಜಾಗವನ್ನು ಉಳಿಸಿಕೊಳ್ಳಲು ನಾನು ಮಾಡಿದ ಹೋರಾಟ ಇಷ್ಟೇ.

ಅವರು ಕೈ ಚಾಚಿದರು. ನಾನು ನನ್ನ ಖಾತೆಯಿಂದ ಹೊರಗೆ ಬಂದು, ಬರೀ ಬಾಗಿಲ ಪುಟ ತೆರೆದು ಕೊಟ್ಟೆ. ಅವರು ಕನ್ನಡಕ ಏರಿಸಿ ಓದಿದರು. "ಪಡಸಾಲಿ! ಹೆಸರೇ ಎಷ್ಟ್ ಚಂದ ಅದ ನೋಡ್ರಿ. ಸ್ವಂತ ಮನಿಗಿ ಹೋದಂಗ ಅನಸ್ತದ. ಮಾಸ್ತರ, ವಿಳಾಸ ಬರಕೊ."

"ನೀವು ಯಾರು, ಯಾಕೆ ಬಂದಿರಿ ಅಂತ ಕೇಳ್ಯಾರಲ್ಲ ಕಾಕಾ."

"ಕೇಳಬೇಕು. ಕೇಳದೇ ಒಳಗ ಕರಿಯಾಕ ಅದೇನು ಧರ್ಮಶಾಲೆ? ನಾ ಬರದು ಕೊಡ್ತೀನಿ."

ನಮ್ಮ ಕಡೆ ಯಾವ ಬಾಗಿಲಿಗೂ ಸುಮ್ಮನೆ ಹೋಗುವುದಿಲ್ಲ. ಬ್ಯಾಂಕಿಗೆ, ದವಾಖಾನೆಗೆ, ಹೆಣ್ಣು ನೋಡಲು, ಕೊನೆಗೆ ಗುಡಿಯಲ್ಲಿ ಅಭಿಷೇಕಕ್ಕೆ ಕೂಡ ಯಾರದಾದರೂ ಮಾರ್ಫತ್ ಬೇಕು. ಇಂಥವರ ಮಗ, ಇಂಥವರ ಮೂಲಕ ಬಂದೆ ಅನ್ನದಿದ್ದರೆ ಬಾಗಿಲು ಕಾಯುವವನಿಗೇ ಅವಮಾನ. 'ನೀವು ಯಾರು' ಎಂದರೆ ಕಾಕಾನ ಕಿವಿಗೆ ಕೇಳಿಸುವುದು 'ಯಾರ ಕಡೆಯವರು' ಎಂದೇ.

ಅವರ ಹೆಂಡತಿ ಪ್ರೇಮಲಾ ಕಾಕುವಿನ ಫೋನಿನಿಂದ ಸಂಜೆ ಎಲ್ಲರಿಗೂ ಬಂದ ಬರಹ ಹೀಗಿತ್ತು:

'ಶರಣು ಶರಣಾರ್ಥಿ. ನಾನು ಮನ್ಮಥಪ್ಪ, ಕಂಗ್ಟಿಯ ಪ್ರತಿಷ್ಠಿತ ಮನೆತನದ ದಿವಂಗತ ವೀರಭದ್ರಪ್ಪನವರ ಜ್ಯೇಷ್ಠ ಪುತ್ರ. ಗೊಬ್ಬರದ ವ್ಯಾಪಾರ. ಸಮಾಜ ಸೇವೆಯ ಸಲುವಾಗಿ ಬಂದಿರುತ್ತೇನೆ. ಮಾರ್ಫತ್: ಕುಮಾರಿ ಶಿಲ್ಪಾರಾಣಿ ಗುರುಬಸವ, ನಾರಾಯಣಖೇಡ್.'

ಅದರ ಕೆಳಗೆ ಸೂಚನೆ: 'ಎಲ್ಲರೂ ಇದನ್ನೇ ಹಾಕತಕ್ಕದ್ದು. ಒಂದಕ್ಷರವೂ ಬದಲಾಗಬಾರದು. ಸಮಾಜದ ಶಿಸ್ತು ಕಾಣಬೇಕು.'

ಶಿಸ್ತು ಕಂಡಿತು. ಒಂದಕ್ಷರವೂ ಬದಲಾಗಲಿಲ್ಲ, ಹೆಸರು ಕೂಡ. ಅಪ್ಪ, ಅವ್ವ, ದೇವಿದಾಸ ಮಾಸ್ತರ, ಜಹೀರಾಬಾದಿನಿಂದ ಕಂಗ್ಟಿಯವರೆಗಿನ ಸಕಲ ಬಾಂಧವರು ಪಡಸಾಲಿಯ ಬಾಗಿಲಿಗೆ ಹೋಗಿ ನಾನು ಮನ್ಮಥಪ್ಪ ಅಂದರು. ಪ್ರೇಮಲಾ ಕಾಕು ತನ್ನ ಮಾವನಿಗೆ ತಾನೇ ಜ್ಯೇಷ್ಠ ಪುತ್ರನಾದಳು. ಆಸ್ತಿಗಾಗಿ ಕಾಕಾನ ಮೇಲೆ ಕೇಸು ಹಾಕಿರುವ ಅವರ ತಮ್ಮ ವೈಜಿನಾಥ ಕೂಡ ಬರೆದ. ಕೋರ್ಟು ಅವನಿಗೆ ಕೊಡದೇ ಇದ್ದದ್ದನ್ನು ಕಾಪಿ ಪೇಸ್ಟು ಒಂದು ಕ್ಷಣದಲ್ಲಿ ಕೊಟ್ಟುಬಿಟ್ಟಿತು.

ಮರುದಿನ ಪಡಸಾಲಿಯಲ್ಲಿ ಬಸವಕಿರಣ ಬರೆದಿದ್ದ: 'ಯಾವುದೋ ಬಾಟ್, ತಾನೇ ಅರ್ಜಿ ತುಂಬುವ ಯಂತ್ರ, ದಾಳಿ ಮಾಡಿದೆ. ರಾತ್ರಿಯೆಲ್ಲ ಒಬ್ಬನೇ ಮನುಷ್ಯನ ಅರ್ಜಿಗಳು. ಎಲ್ಲವನ್ನೂ ತಿರಸ್ಕರಿಸಿದ್ದೇನೆ. ಶಿಲ್ಪಾರಾಣಿ ಎಂಬವರು ಯಾರಾದರೂ ಇಲ್ಲಿದ್ದಾರೆಯೇ?' ಕೆಳಗೆ ಅರ್ಜಿಯ ಚಿತ್ರ.

ಮಂದಿ ಮುಗಿಬಿದ್ದರು. 'ವೀರಭದ್ರಪ್ಪನವರಿಗೆ ಎಷ್ಟು ಜನ ಜ್ಯೇಷ್ಠ ಪುತ್ರರಪ್ಪಾ!' 'ಕಿರಿಯ ಮಗ ಯಾವಾಗ ಬರ್ತಾನೆ?' ನಾನೂ ನಕ್ಕೆ. ಯಾಕೆ ನಗಬಾರದು? ಈ ಮಂದಿಯನ್ನು ನಾನು ದಿನಾ ಉಣ್ಣುತ್ತ, ಉಡುತ್ತ ನೋಡುತ್ತೇನೆ.

ಆಮೇಲೆ ನೀಲಿ ಛತ್ರಿ ಬರೆದ: 'ಗಡಿ ಕಡೆಯವರು ಪಾಪ, ಕನ್ನಡ ಅಂದ್ರೆ ಮದುವೆ ಪತ್ರಿಕೆ ಅಂದ್ಕೊಂಡಿದ್ದಾರೆ. ಬಾಟ್ ಅಲ್ಲದಿದ್ರೂ ಬಾಟ್ ಥರಾನೇ ಬದುಕೋ ಜನ.' ಅದರ ಕೆಳಗೆ ಹೃದಯಗಳ ಸಾಲು.

ನನ್ನ ಕಿವಿ ಬಿಸಿಯಾಯಿತು. ಕಾಕಾನನ್ನು ಬೈಯುವುದಕ್ಕೆ ನನಗೆ ಹಕ್ಕಿದೆ. ಅವರ ಗುಲಾಬಿಗಳನ್ನು ವರ್ಷಗಟ್ಟಲೆ ಸಹಿಸಿದ್ದೇನೆ. ಇವನು ಏನು ಸಹಿಸಿದ್ದಾನೆ? ಇವನ ಕನ್ನಡವೇನು ಮಹಾ? ಅದರಲ್ಲಿ ಒಂದು ಚೀಲ ಹೊರಲು ಹೇಳಿದರೆ ಹಮಾಲರು ಕೂತು ನಗುತ್ತಾರೆ. ಹೋಗಿ ಕಾಫಿ ಅಂಗಡಿಯಲ್ಲಿ ನೆಮ್ಮದಿ ಕುಡಿಯುವವನು, ನಮ್ಮೂರಿನ ಬಸ್ಸಿನಲ್ಲಿ ನಿಲ್ಲಲೂ ಬಾರದವನು. ಸಿಟ್ಟಿನಲ್ಲಿ ಬಸವಕಿರಣನಿಗೆ ಖಾಸಗಿಯಾಗಿ ಬರೆದೆ: 'ಅವು ಬಾಟ್ ಅಲ್ಲ. ಮನುಷ್ಯರು. ಹಿರಿಯರು ಹೇಳಿದ್ದನ್ನು ಹಾಗೇ ಮಾಡುತ್ತಾರೆ, ಅಷ್ಟೇ. ಶಿಲ್ಪಾರಾಣಿ ನಾನೇ.'

ಅವನು ಒಳ್ಳೆಯವನು. ಆ ಒಳ್ಳೆಯತನವೇ ನನಗೆ ಮುಳುವಾಯಿತು. 'ತಪ್ಪಾಯಿತು, ಕ್ಷಮಿಸಿ,' ಎಂದು ಬರೆದ. ನೀಲಿ ಛತ್ರಿಯ ಮಾತನ್ನು ಅಳಿಸಿದ. 'ನೀವು ಬಹಳ ದಿನದಿಂದ ಇಲ್ಲಿದ್ದೀರಿ. ಅವರು ನಿಮ್ಮವರು ಎಂದು ಒಂದು ಮಾತು ಹೇಳಿದರೆ ಸಾಕು, ಎಲ್ಲರನ್ನೂ ಒಳಗೆ ಬಿಡುತ್ತೇನೆ.'

ಓದಿ ಫೋನ್ ಮಗುಚಿಟ್ಟೆ.

ಸುಜಾತಾಳಿಂದ ಮೆಸೇಜ್ ಬಂತು. 'ಏ ಹೊಟ್ಟು, ಆ ಶಿಲ್ಪಾರಾಣಿ ನೀನೇ ಅಲಾ? ರಾಣಿ ಅಂತ ಒಂದ್ ಮಾತು ಹೇಳಬಾರದಾ, ಬಗ್ಗಿ ಸಲಾಮ್ ಮಾಡ್ತಿದ್ದೆ.'

'ಚಾಷ್ಟಿ ಬ್ಯಾಡ. ಅವರೆಲ್ಲಾ ಬರಾಕ ಹತ್ಯಾರ.'

ಅವಳು ಬರೆದಳು: 'ಅವರು ಬಂದ್ರ ನೀ ಸುಮ್ಮ ಆಗ್ತಿ. ನಂಗ ಗೊತ್ತದ. ಮೊದಲಿದ್ದ ಜಾಗಕ್ಕ ನಮ್ಮತ್ತಿ ಬಂದಾಗ ನಾನೂ ಹಂಗೇ ಆಗೀನಿ. ಮೊದಲು ಬರಿಯೋದು ಕಮ್ಮಿ ಮಾಡ್ತಿ, ಆಮ್ಯಾಲ ಬರೀ ಕೈಮುಗಿಯೋದು, ಆಮ್ಯಾಲ ಇಲ್ಲ. ನೀ ಹೋದ್ರ ನಾ ಯಾರ ಕೂಡ ಮಾತಾಡ್ಲಿ?'

ಗುಲಾಬಿ ಕಾಕಾನ ಕತೆಗಳನ್ನು ಕಾಕಾ ಓದುತ್ತಾರೆ ಎಂಬ ಭಯ ನನಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅವನ್ನು ಅಳಿಸಬಹುದಿತ್ತು. ಅಳಿಸಿದ ಮೇಲೆ ಉಳಿಯುವುದೇನು? ಪಡಸಾಲಿಯಲ್ಲೂ ಮುಂಜಾನೆ ಗುಲಾಬಿ, ಅವ್ವನ ಕಣ್ಣು ನನ್ನ ಪ್ರತಿ ಸಾಲಿನ ಮೇಲೆ, ಅಲ್ಲೂ ನಾನು ಶಾಂತ ಸ್ವಭಾವ. ಸುಜಾತಾ ಬೂದಿ ಬಣ್ಣದ ಊರಿನಲ್ಲಿ, ನಾನು ತೊಗರಿಯ ಧೂಳಿನಲ್ಲಿ, ನಡುವೆ ಕೈಮುಗಿಯುವ ಚಿತ್ರಗಳ ಗೋಡೆ.

ಅರ್ಜಿ ತಿರಸ್ಕಾರವಾದದ್ದು ತಿಳಿದಾಗ ಕಾಕಾ ಮತ್ತೆ ನಮ್ಮ ಅಂಗಡಿಗೆ ಬಂದರು. ಕೂಡಲಿಲ್ಲ.

"ಇಂಗ್ಲೀಷಿನವರು ಹೊರಗ ಹಾಕಿದ್ರು, ಆತು. ಕನ್ನಡದವರೂ ಹಾಕ್ತಾರ? ಇಡೀ ಸಮಾಜಕ್ಕ ಬ್ಯಾಡ ಅಂತಾರ?"

"ಏನೋ ಗಲತಿ ಆಗಿರಬೇಕು ಕಾಕಾ," ಅಂದ ದೇವಿದಾಸ ಮಾಸ್ತರ.

"ಗಲತಿ ಎಲ್ಲಿದು? ಒಂದಕ್ಷರ ಆಕಡಿ ಈಕಡಿ ಆಗಿಲ್ಲ!"

ಅಪ್ಪ ಸಮಾಧಾನ ಹೇಳಿದರು: "ನಮ್ಮ ಶಿಲ್ಪಾನ ಮಾರ್ಫತ್ ಹಚ್ಚೀವಿ. ಇಕಿ ಒಂದ್ ಮಾತು ಹೇಳಿದ್ರ ಆಗಬಹುದು."

"ಮೆಸೇಜ್ ಗಿಸೇಜ್ ನಂಬಂಗಿಲ್ಲ ನಾ," ಅಂದರು ಕಾಕಾ. "ಆ ಪಡಸಾಲಿ ಪುಟದ ಕೆಳಗ ನಂಬರ್ ಅದ. ಮಾತಾಡಿ ಮುಗಸೋಣ." ನಾನು ಎದ್ದು ಒಳಗೆ ಹೋಗುವಷ್ಟರಲ್ಲಿ ಅವರು ಪ್ರೇಮಲಾ ಕಾಕುವಿನ ಫೋನಿನಿಂದ ನಂಬರ್ ಒತ್ತಿ, ಸ್ಪೀಕರ್ ಹಾಕಿ, ತೂಕದ ಯಂತ್ರದ ಮೇಲೆ ಇಟ್ಟಾಗಿತ್ತು. ಅವ್ವ ಒಳಗಿನ ಬಾಗಿಲಿಗೆ ಬಂದು ನಿಂತಳು. ಹಾದಿ ಮುಚ್ಚಿತು.

"ಹಲೋ, ಯಾರ್ರೀ?"

"ಶರಣು ಶರಣಾರ್ಥಿ. ನಾನು ಮನ್ಮಥಪ್ಪ, ಕಂಗ್ಟಿಯ ದಿವಂಗತ ವೀರಭದ್ರಪ್ಪನವರ..."

"ಗೊತ್ತಾತ್ರೀ ಸರ್," ಅಂದ ಬಸವಕಿರಣ. ದನಿಯಲ್ಲಿ ನಗು ಇತ್ತು, ಮರ್ಯಾದೆಯೂ ಇತ್ತು. "ನಿಮ್ಮನ್ನ ತಪ್ಪು ತಿಳ್ಕೊಂಡ್ವಿ. ಬಾಟ್ ಅಲ್ಲ ಅಂತ ಅವರು ಹೇಳಿದ್ರು."

"ಯಾರು ಹೇಳಿದ್ರು?"

"ಶಿಲ್ಪಾರಾಣಿಯವರು."

ಕಾಕಾನ ಮುಖ ಅರಳಿತು. ಅಪ್ಪ ನನ್ನನ್ನು ನೋಡಿದ ರೀತಿ, ಎಸ್ಸೆಸ್ಸಿ ರಿಜಲ್ಟ್ ಬಂದ ದಿನ ಕೂಡ ಹಾಗೆ ನೋಡಿರಲಿಲ್ಲ. "ನೋಡ್ರಿ," ಅಂದರು ಕಾಕಾ ಸಭೆಗೆ, "ಹುಡುಗಿ ಮಾತಾಡಂಗಿಲ್ಲ, ಆದ್ರ ಸಮಾಜದ ಕಾಳಜಿ ಅದ."

"ಅವರು ಅಲ್ಲೇ ಇದ್ದಾರೇನ್ರಿ?" ಬಸವಕಿರಣ ಕೇಳಿದ. "ಒಂದು ಮಾತು ಅವರ ಬಾಯಿಂದ ಕೇಳಿಬಿಟ್ರೆ ಈಗಲೇ ಎಲ್ಲರನ್ನೂ ಒಳಗೆ ಬಿಡ್ತೀನಿ. ನಮ್ಮದು ಸಣ್ಣ ಜಾಗ, ಇದ್ದವರ ಮಾತಿನ ಮ್ಯಾಲೇ ನಡೀತದ."

"ಹೇಳು ತಂಗಿ," ಅಂದರು ಕಾಕಾ.

ನಾನು ತೂಕದ ಯಂತ್ರದ ಅಂಕಿಗಳನ್ನು ನೋಡತೊಡಗಿದೆ.

"ನಾಚಿಕಿ ಅಕಿಗಿ," ಅವ್ವ ಫೋನಿಗೆ ಕೇಳುವ ಹಾಗೆ ಬಾಗಿಲಿಂದ ಕೂಗಿದಳು. "ಮೊದಲಿಂದ್ಲೂ ಹಂಗೇರಿ. ಭಾಳ ಶಾಂತ. ಹೂಂ ಅಂತಾಳ ಅಂತ ನಾನೇ ಹೇಳ್ತೀನಲ್ಲ, ಸಾಕಾಗಂಗಿಲ್ಲ?"

"ಇಲ್ರಿ ಅಮ್ಮಾ, ಅವರೇ ಹೇಳಲಿ," ಅಂದ ಆ ಮನುಷ್ಯ. "ಶಿಲ್ಪಾರಾಣಿಯವರೇ, ಇವರು ನಿಮಗೆ ಗೊತ್ತೇನ್ರಿ?"

ಹಮಾಲರು ಕೆಲಸ ನಿಲ್ಲಿಸಿದರು. ನನ್ನನ್ನು ಹಿಂದೆಂದೂ ಯಾರೂ ಏನೂ ಕೇಳಿ ಇಷ್ಟು ಹೊತ್ತು ಕಾದಿರಲಿಲ್ಲ. ಬಂದ ದನಿ ನನ್ನದೇ ಎಂದು ಗುರುತಿಸಲು ಒಂದು ಗಳಿಗೆ ಹಿಡಿಯಿತು.

"ಗೊತ್ತದರಿ," ಅಂದೆ. "ಎಲ್ಲಾರೂ ನಮ್ಮವರೇ ಇದ್ದಾರ. ಅದಕ್ಕೇ ಹೇಳ್ತೀನಿ, ಒಳಗ ಬಿಡಬ್ಯಾಡ್ರಿ. ನಂಗ ಮಾತಾಡಾಕ ಅದೊಂದೇ ಜಾಗ ಅದ."